ಬಾಣಲೆ ಇಳಿಸಿದ ಓನರಮ್ಮ

ಬೆಳಗಾಯಿತೆಂದರೆ ಓನರಮ್ಮ ಒಂದು ಮ್ಯಾಗ್ನೆಟ್ಟಿಗೆ ಹಗ್ಗ ಕಟ್ಟಿ, ಅದನ್ನು ನಾಯಿಮರಿಯ ಹಾಗೆ ಅಂಗಳದ ತುಂಬ ಎಳೆದುಕೊಂಡು ಓಡಾಡುತ್ತಿದ್ದರು. ಕುಳ್ಳ ದೇಹ, ಎತ್ತಿ ಸಿಕ್ಕಿಸಿದ ಸೀರೆ, ಎರಡೂ ಕಡೆ ಮೂಗುಬೊಟ್ಟು, ಬರಿಗಾಲು. ಹಿಂದೆ ಸರಸರ ಸದ್ದು ಮಾಡುತ್ತ ಬರುವ, ಯಾವುದೋ ಹಾಳಾದ ಲೌಡ್‌ಸ್ಪೀಕರಿನಿಂದ ಕಿತ್ತ, ಅಂಗೈಯಗಲದ ಕಪ್ಪು ಮ್ಯಾಗ್ನೆಟ್ಟು. ಪೀಣ್ಯದ ಫ್ಯಾಕ್ಟರಿಗಳಲ್ಲಿ ಲೇತ್ ಮೆಷಿನ್ನು ಕಬ್ಬಿಣವನ್ನು ಸುಲಿದಾಗ ಉದುರುವ ಸುರುಳಿ ಸಿಪ್ಪೆ ನಮ್ಮ ಬೂಟುಗಳಿಗೆ ಕಚ್ಚಿಕೊಂಡು ವಠಾರಕ್ಕೆ ಬರುತ್ತಿತ್ತು. ಆಡುವ ಮಕ್ಕಳ ಕಾಲಿಗೆ ಚುಚ್ಚುತ್ತಿತ್ತು. ಅದಕ್ಕೇ ಈ ಮೆರವಣಿಗೆ. ಒಂದು ಸುತ್ತು ಮುಗಿಯುವಷ್ಟರಲ್ಲಿ ಮ್ಯಾಗ್ನೆಟ್ಟಿಗೆ ಗಡ್ಡ ಬೆಳೆದಿರುತ್ತಿತ್ತು. ಅದನ್ನು ಸವರಿ ಡಬ್ಬಕ್ಕೆ ಹಾಕುತ್ತ, "ಇವತ್ತಿನ ಗಡ್ಡದಾಗೆ ಬಿಜಾಪುರದ್ದೇ ಜಾಸ್ತಿ ಐತೆ" ಎನ್ನುತ್ತಿದ್ದರು.

ಬಿಜಾಪುರ ಎಂದರೆ ನಾನು.

ಆ ವಠಾರದಲ್ಲಿ ಬಾಡಿಗೆದಾರರಿಗೆ ಸ್ವಂತ ಹೆಸರಿರಲಿಲ್ಲ. ಸಾಲು ರೂಮುಗಳು, ತಲೆಗೆ ತಾಗುವಂಥ ಶೀಟಿನ ಸೂರು, ಕೊನೆಗೊಂದು ಬಚ್ಚಲು. ಯಾರು ಎಲ್ಲಿಂದ ಬಂದರೋ ಅದೇ ಅವರ ಹೆಸರು. ಗದಗ, ರಾಯಚೂರು, ಕೊಪ್ಪಳ. "ಏ ಗದಗ, ನಿನ್ ಚಡ್ಡಿ ತಂತಿಯಿಂದ ಬಿದ್ದೈತೆ, ಎತ್ಕೋ" ಎಂದು ಅವರು ಅಂಗಳದಲ್ಲಿ ನಿಂತು ಕೂಗಿದರೆ ಇಡೀ ಜಿಲ್ಲೆಯ ಮಾನ ಹೋಗುತ್ತಿತ್ತು. ಅಲ್ಲಿ ಹಿಂದೆ ಅವರ ರಾಗಿ ಹೊಲವಿತ್ತಂತೆ. ಫ್ಯಾಕ್ಟರಿಗಳು ಬಂದು ಹೊಲ ಹೋಯಿತು, ಆಮೇಲೆ ಗಂಡನೂ ಹೋದರು. ಉಳಿದ ತುಂಡು ನೆಲದಲ್ಲಿ ರೂಮು ಕಟ್ಟಿಸಿ, ಟೆಂಪೋ ಓಡಿಸುವ ಮಗ ಮತ್ತು ಸೊಸೆಯ ಜೊತೆ ಮುಂದಿನ ಮನೆಯಲ್ಲಿದ್ದರು. "ನಮ್ ರಾಗಿ ಒಲದಾಗೆ ಈಗ ನೀವು ಕಬ್ಣ ಬೆಳೀತಾ ಇದೀರ. ಬೆಳೀರಿ. ಅಸಿವಾದಾಗ ಅದನ್ನೇ ತಿನ್ನೀರಂತೆ" ಎನ್ನುತ್ತಿದ್ದರು. ಸಿಟ್ಟಿನಿಂದಲ್ಲ, ನಮ್ಮನ್ನು ನೋಡಿ ಪಾಪ ಎನಿಸಿದವರ ಹಾಗೆ.

ನಾನು ಲೇತ್ ಆಪರೇಟರು. ಆ ದಿನಗಳಲ್ಲಿ ನಾನು ಅಳತೆ ತಪ್ಪಿ ಕೆಡಿಸಿದ ಕಬ್ಬಿಣವನ್ನೆಲ್ಲ ಕೂಡಿಸಿದ್ದರೆ ಯಶವಂತಪುರದಿಂದ ಬಿಜಾಪುರಕ್ಕೆ ಇನ್ನೊಂದು ರೈಲು ಬಿಡಬಹುದಿತ್ತು. ವಠಾರದಲ್ಲಿಯೂ ನನ್ನ ಕೆಲಸ ಅದೇ ಮಟ್ಟದ್ದು. ಬಂದ ಹೊಸದರಲ್ಲಿ ಹಾಡು ಹೇಳುತ್ತ ಸ್ನಾನ ಮಾಡಿ, ನಲ್ಲಿ ನಿಲ್ಲಿಸುವುದನ್ನು ಮರೆತು, ಟ್ಯಾಂಕನ್ನೆಲ್ಲ ಖಾಲಿ ಮಾಡಿ ಫ್ಯಾಕ್ಟರಿಗೆ ಹೋಗಿಬಿಟ್ಟೆ. ಅವತ್ತು ಉತ್ತರ ಕರ್ನಾಟಕದ ಅರ್ಧ ಜಿಲ್ಲೆಗಳು ಮುಖ ತೊಳೆಯದೆ ಕೆಲಸಕ್ಕೆ ಹೋದವು. ಇನ್ನೊಮ್ಮೆ ಜೋಳದ ಹಿಟ್ಟು ಸಿಗದೆ ರಾಗಿ ಹಿಟ್ಟಿನಲ್ಲಿ ನಮ್ಮ ಕಡೆಯ ರೊಟ್ಟಿ ಬಡಿಯಲು ಹೋದೆ. ಓನರಮ್ಮ ಅದನ್ನು ಎತ್ತಿ, ತಿರುಗಿಸಿ ನೋಡಿ, "ಬಾಗ್ಲು ಗಾಳಿಗೆ ಬಡ್ಕಂತಾ ಇತ್ತು. ಕೆಳಗಿಡಕ್ಕೆ ಸರ್ಯಾಗೈತೆ" ಎಂದು ತೆಗೆದುಕೊಂಡು ಹೋದರು. ನಿಜವಾಗಿಯೂ ಇಟ್ಟರು. ಬಾಗಿಲು ಅಲ್ಲಾಡಲಿಲ್ಲ.

ಅವರಿಗೆ ಒಂದು ಮಾತು ಅಭ್ಯಾಸವಾಗಿತ್ತು. ಯಾರು ಏನು ಕೇಳಿದರೂ ಮೊದಲು "ನಾನೇನ್ ನಿಮ್ಮವ್ವನಾ?" ಎನ್ನುವುದು, ಆಮೇಲೆ ಕೇಳಿದ್ದನ್ನು ಕೊಡುವುದು. ರಾಯಚೂರಿಗೆ ಜ್ವರ ಬಂದಾಗ "ನಾನೇನ್ ನಿಮ್ಮವ್ವನಾ ಗಂಜಿ ಕಾಯ್ಸಕ್ಕೆ?" ಎಂದು ಬೈಯುತ್ತಲೇ ಗಂಜಿ ತಂದಿಟ್ಟರು. ಶರ್ಟಿನ ಗುಂಡಿ ಕಿತ್ತುಹೋದರೂ ಅದೇ ಮಾತು, ಸೂಜಿಗೆ ದಾರ ಪೋಣಿಸುತ್ತ. ಉಳಿದವರು ತಲೆ ತಗ್ಗಿಸುತ್ತಿದ್ದರು. ನನಗೆ ಮಾತ್ರ ಬಾಯಿ ಸುಮ್ಮನಿರುತ್ತಿರಲಿಲ್ಲ. "ಅಲ್ರಿ ಅಮ್ಮಾರ, ನಮ್ಮವ್ವ ಇಷ್ಟು ಬೈಯೂದಿಲ್ರಿ. ಆಕಿ ನೇರ ಹೊಡೀತಾಳ" ಎನ್ನುತ್ತಿದ್ದೆ. "ಅಂಗಾರೆ ಅವಮ್ಮ ನನಗಿಂತ ಬುದ್ವಂತೆ" ಎಂದು ಅವರು ನಗುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿರಲಿಲ್ಲ. ಊರಿಗೆ ಹೋದಾಗ ನಾನು ಅವ್ವನಿಗೆ ಓನರಮ್ಮನ ಬೈಗುಳ ಅನುಕರಿಸಿ ತೋರಿಸುತ್ತಿದ್ದೆ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕು, "ಚಲೋ ಹೆಣ್ಮಗಳ ಕೈಯಾಗ ಸಿಕ್ಕೀಯಪಾ. ಹಂಗ ಇರಬೇಕು ನಿನಗ" ಎನ್ನುತ್ತಿದ್ದಳು.

ಒಂದು ವರ್ಷ ಶ್ರಾವಣದಲ್ಲಿ ಫ್ಯಾಕ್ಟರಿಯ ಆಫೀಸಿಗೆ ಅಣ್ಣನ ಫೋನು ಬಂತು. ಅವ್ವಗೆ ಆರಾಮಿಲ್ಲ, ಹೊರಟು ಬಾ ಎಂದ. ವಠಾರದಲ್ಲಿ ಯಾರಿಗೂ ಹೇಳದೆ ಅಲ್ಲಿಂದಲೇ ಬಸ್ಸು ಹತ್ತಿದೆ. ಬಸ್ಸಿಳಿದು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಳೆ ಹಿಡಿದಿತ್ತು, ಹೆಣ ಇಡುವಂತಿರಲಿಲ್ಲ, ಆದಷ್ಟು ಕಾದೆವು ಎಂದು ಅಣ್ಣ ಹೇಳಿದ. ನಾನು ಮುಖ ನೋಡಲಿಲ್ಲ. ಕಾರ್ಯಗಳೆಲ್ಲ ಆದವು, ತಲೆ ಬೋಳಿಸಿದರು, ಮೀಸೆ ತೆಗೆದರು. ಹೊರಡುವ ದಿನ ಅಣ್ಣನ ಹೆಂಡತಿ, ನಮ್ಮ ವೈನಿ, ಒಂದು ಬಟ್ಟೆಯ ಗಂಟು ತಂದುಕೊಟ್ಟಳು. ಎಳ್ಳು ಹಚ್ಚಿ, ಬೇಯಿಸಿ, ಒಣಗಿಸಿದ ಸಜ್ಜೆಯ ಕಟಕ ರೊಟ್ಟಿ. ತಿಂಗಳುಗಟ್ಟಲೆ ಕೆಡದ ರೊಟ್ಟಿ ಅದು. "ನಿನ್ ಸಲುವಾಗಿ ಮಾಡಿಟ್ಟಿದ್ರು" ಎಂದಳು. ಅದನ್ನು ಪೀಣ್ಯಕ್ಕೆ ತಂದು ಟ್ರಂಕಿನ ತಳದಲ್ಲಿಟ್ಟೆ.

ಬರುವ ದಾರಿಯುದ್ದಕ್ಕೂ ವಠಾರದಲ್ಲಿ ಹೇಗೆ ಹೇಳುವುದು ಎಂದು ಯೋಚಿಸುತ್ತ ಬಂದಿದ್ದೆ. ಗೇಟಿನೊಳಗೆ ಕಾಲಿಟ್ಟೆ. ಗದಗ ನನ್ನ ಬೋಳು ತಲೆ ನೋಡಿ, "ಲೇ, ಬಲ್ಬು ಬಂತಲೇ! ಇನ್ನ ವಠಾರಕ್ಕ ಕರೆಂಟು ಹೋದ್ರೂ ಚಿಂತಿಲ್ಲ!" ಎಂದು ಕೂಗಿದ. ಎಲ್ಲರೂ ಹೊರಗೆ ಬಂದರು. ಕೊಪ್ಪಳ ನನ್ನ ತಲೆಯ ಮೇಲೆ ತಬಲಾ ಬಾರಿಸಿದ. ಮಾತು ಬಾಯಿಗೆ ಬಂದಿತ್ತು. ಅದಕ್ಕಿಂತ ಮೊದಲು ಜೋಕು ಬಂದುಬಿಟ್ಟಿತು. "ದೇವ್ರಿಗೆ ಮುಡಿ ಕೊಟ್ಟು ಬಂದ್ನಿ. ಸೂಪರ್‌ವೈಸರಗ ಕಣ್ಣು ಕಾಣದಂಗ ಆಗ್ಲಿ, ನಾ ಕೆಡಿಸಿದ್ದು ಗೊತ್ತಾಗಬಾರ್ದು ಅಂತ" ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮ್ಯಾಗ್ನೆಟ್ಟು ಎಳೆಯುತ್ತಿದ್ದ ಓನರಮ್ಮ ಮಾತ್ರ ನಿಂತು ಕೇಳಿದರು.

"ಮುಡಿ ಕೊಟ್ಟೋನು ಪ್ರಸಾದ ಎಲ್ಲೋ?"

"ಬಸ್ಸಿನ್ಯಾಗ ತಿಂದ್ಬಿಟ್ನಿ ರಿ ಅಮ್ಮಾರ. ಹಸಿವಾಗಿತ್ತು."

"ಅಷ್ಟೂ?"

"ಅಷ್ಟೂ ರಿ."

ಅವರು ಮ್ಯಾಗ್ನೆಟ್ಟು ಎಳೆದುಕೊಂಡು ಮುಂದೆ ಹೋದರು. ಆದರೆ ಅಂದಿನಿಂದ ನನಗೆ ಬೈಯುವುದು ಸ್ವಲ್ಪ ಕಡಿಮೆಯಾಯಿತು ಎಂದು ಆಮೇಲೆ ಯೋಚಿಸಿದಾಗ ಅನ್ನಿಸಿದೆ.

ಸಾವಿನ ಸುದ್ದಿಯನ್ನು ಮೊದಲನೇ ದಿನ ಹೇಳದಿದ್ದರೆ ಎರಡನೇ ದಿನ ಹೇಳುವುದು ಹೇಗೆ? ವಾರ ಕಳೆದ ಮೇಲಂತೂ ನಾಚಿಕೆಯಾಗುತ್ತದೆ. ತಿಂಗಳು ಕಳೆದ ಮೇಲೆ ಹೇಳಿದರೆ, ಇಷ್ಟು ದಿನ ಹಲ್ಲು ಕಿರಿಯುತ್ತಿದ್ದವನಿಗೆ ತಾಯಿ ಸತ್ತಿದ್ದಳೇ ಎಂದು ಜನ ಬಾಯಿ ಬಿಟ್ಟು ನೋಡುತ್ತಾರೆ. ಹಾಗಾಗಿ ನಾನು ಇನ್ನಷ್ಟು ಜೋರಾಗಿ ನಗಿಸತೊಡಗಿದೆ. ಕ್ಯಾಂಟೀನಿನಲ್ಲಿ ಸೂಪರ್‌ವೈಸರನ ನಡಿಗೆ, ಬಸ್ಸಿನಲ್ಲಿ ಕಂಡಕ್ಟರನ ಸೀಟಿ, ನಲ್ಲಿಯ ಮುಂದೆ ಓನರಮ್ಮನ ಕೂಗು. ಅವ್ವ ಸತ್ತದ್ದು ಬೆಂಗಳೂರಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಕೆಲವು ಸಲ ನನಗೇ ಗೊತ್ತಿರಲಿಲ್ಲ.

ದೀಪಾವಳಿ ಬಂತು. ಫ್ಯಾಕ್ಟರಿಗಳಿಗೆ ರಜೆ. ಗದಗ, ರಾಯಚೂರು, ಕೊಪ್ಪಳ ಎಲ್ಲರೂ ಸ್ವೀಟಿನ ಡಬ್ಬ, ಪಟಾಕಿಯ ಚೀಲ ಹಿಡಿದು ಮೆಜೆಸ್ಟಿಕ್ಕಿಗೆ ಓಡಿದರು. ನಾನು ಎಸ್‌ಟಿಡಿ ಬೂತಿಗೆ ಹೋಗಿ, ಅಣ್ಣನಿಗೆಂದು ಊರಿನ ಕಿರಾಣಿ ಅಂಗಡಿಗೆ ಫೋನು ಹಚ್ಚಿದೆ. ಮನೆಯಲ್ಲಿ ಸಾವಾದರೆ ನಮ್ಮಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ, ಗೊತ್ತಿತ್ತು. ಹಬ್ಬಕ್ಕಲ್ಲ, ಸುಮ್ಮನೆ ಹೋಗಿ ಕೂತುಬರೋಣ ಎಂದಿತ್ತು ನನಗೆ.

"ನೀ ಬಂದು ಏನ್ ಮಾಡ್ತೀಪಾ?" ಎಂದ ಅಣ್ಣ. "ನಿಮ್ಮ ವೈನೀನ ತವರಿನವ್ರು ಕರದಾರ. ನಾವು ಆ ಕಡೆ ಹೊಂಟೇವಿ. ಮನಿಗೆ ಕೀಲಿ ಹಾಕ್ತೇವಿ."

"ಆತು ಬಿಡಣ್ಣಾ. ನನಗೂ ಓವರ್‌ಟೈಮ್ ಐತಿ" ಎಂದೆ.

ಫೋನು ಇಟ್ಟ ಮೇಲೆ ಬೂತಿನವನು ಚಿಲ್ಲರೆ ಹುಡುಕುವವರೆಗೂ ನಾನು ಆ ಗಾಜಿನ ಪೆಟ್ಟಿಗೆಯೊಳಗೇ ನಿಂತಿದ್ದೆ. ಅವ್ವ ಇರುವವರೆಗೆ ಊರು ಎಂದರೆ ಒಂದು ತೆರೆದ ಬಾಗಿಲು. ಈಗ ಅದಕ್ಕೆ ಕೀಲಿ. ಈ ಕಡೆ ಪೀಣ್ಯದಲ್ಲೊಂದು ರೂಮು, ಅದು ಬಾಡಿಗೆಯದು. ಹಬ್ಬದ ದಿನ ನಾನು ಯಾರ ಮನೆಯವನು?

ಮರುದಿನ ನೀರು ತುಂಬುವ ಹಬ್ಬ. ಬೆಂಗಳೂರಿನ ಕಡೆ ದೀಪಾವಳಿ ಶುರುವಾಗುವುದು ಬಚ್ಚಲಿನಿಂದ. ಹಂಡೆಯನ್ನು ಹುಣಸೆಹಣ್ಣು ಹಾಕಿ ಫಳಫಳ ಉಜ್ಜಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಾಗಲ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜೆ ಮಾಡುತ್ತಾರೆ. ಮಾರನೆಯ ಬೆಳಿಗ್ಗೆ ಎಲ್ಲರಿಗೂ ಎಣ್ಣೆಸ್ನಾನ. ಜೊತೆಗೆ ಕಜ್ಜಾಯ, ಅದನ್ನು ಹಿಂದಿನ ದಿನವೇ ಬೇಯಿಸಿಡುತ್ತಾರೆ. ಓನರಮ್ಮನ ಕಜ್ಜಾಯಕ್ಕೆ ಆ ಬೀದಿಯಲ್ಲಿ ಹೆಸರಿತ್ತು. ಅಕ್ಕಿಹಿಟ್ಟನ್ನು ಬೆಲ್ಲದ ಪಾಕದಲ್ಲಿ ಕಲಸಿ ದಿನಗಟ್ಟಲೆ ಮುಚ್ಚಿಡುತ್ತಿದ್ದರು. ಬೇಯಿಸುವವರೆಗೆ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ.

ಖಾಲಿ ವಠಾರದಲ್ಲಿ ನನ್ನನ್ನು ಕಂಡು ಅವರಿಗೆ ಆಶ್ಚರ್ಯವಾಯಿತು.

"ಏನ್ಲಾ ಬಿಜಾಪುರ, ಊರಿಗೋಗಿಲ್ವಾ?"

"ಓವರ್‌ಟೈಮ್ ರಿ ಅಮ್ಮಾರ. ನಾ ಇಲ್ಲಂದ್ರ ಪೀಣ್ಯಾ ನಡಿಯೂದಿಲ್ಲ ಅಂತ ಮಾಲಕರು ಕಾಲಿಗೆ ಬಿದ್ರು."

"ಫ್ಯಾಕ್ಟ್ರಿಗೆ ಬೀಗ ಆಕವ್ರೆ. ಯಾವ್ ಮಾಲೀಕ್ರೋ, ಯಾವ್ ಕಾಲೋ... ಬಾ, ಖಾಲಿ ಕೂತಿದ್ದೀಯ, ಆ ಅಂಡೆ ಉಜ್ಜು."

ನಾನು ಬಚ್ಚಲಿನ ಬಾಗಿಲಿನವರೆಗೆ ಹೋಗಿ ನಿಂತೆ. ಒಳಗೆ ಕಾಲಿಡಲು ಆಗಲಿಲ್ಲ. ವರ್ಷ ತುಂಬದವನು ಪೂಜೆಯ ಹಂಡೆ ಮುಟ್ಟಬಾರದು ಎಂದು ನನ್ನ ತಲೆಯಲ್ಲಿ ಕೂತಿತ್ತು. ಇವರ ಮನೆಗೆ ನನ್ನಿಂದ ಏನಾದರೂ ಆಗಿಬಿಟ್ಟರೆ?

"ಕೈ ಉಳುಕೈತ್ರಿ" ಎಂದೆ.

"ನಿನ್ನೆ ಬಿಂದಿಗೆ ತಲೆ ಮೇಲಿಟ್ಕಂಡು ಕುಣೀತಾ ಇದ್ದೆ?"

"ಕುಣದದ್ದಕ್ಕ ಉಳುಕಿದ್ದು ರಿ."

"ಇನ್ನೊಂದು ಕೈಯಿಂದ ಉಜ್ಜು."

"ಅದು ಎಡಗೈ ರಿ. ದೇವ್ರಿಗೆ ನಡಿಯೂದಿಲ್ಲ."

"ಥೂ ಸೋಮಾರಿ! ಬೇಡ್ಕಳಕ್ಕೆ ನಾನೇನ್ ನಿಮ್ಮವ್ವನಾ?"

ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇರಬೇಕಿತ್ತು. ವರ್ಷಗಟ್ಟಲೆ ಹೇಳಿದ ಉತ್ತರ. ನಮ್ಮವ್ವ ಹೊಡೀತಾಳ ರಿ. ಅಷ್ಟೇ. ಬಾಯಿ ತೆರೆದೆ, ಬರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ಅಲ್ಲೇ ನಿಂತೆ.

ಓನರಮ್ಮ ಕೈಯಲ್ಲಿದ್ದ ಹುಣಸೆಹಣ್ಣು ಕೆಳಗಿಟ್ಟರು. ಹತ್ತಿರ ಬಂದು, ಇನ್ನೂ ಪೂರ್ತಿ ಬೆಳೆಯದ ನನ್ನ ತಲೆಗೂದಲನ್ನು, ಮೀಸೆಯನ್ನು ನೋಡಿದರು.

"ಪ್ರಸಾದ ಇಲ್ದೆ ಬಂದಾಗ್ಲೇ ನನಗೊಂಥರಾ ಅನ್ನಿಸ್ತು" ಎಂದರು. ಆಮೇಲೆ ಬಹಳ ಮೆಲ್ಲಗೆ, "ಯಾರ್ಲಾ?"

"ಅವ್ವ ರಿ."

"ಯಾವಾಗ?"

"ಶ್ರಾವಣದಾಗ."

ಅವರು ಬಚ್ಚಲಿನ ಕಟ್ಟೆಯ ಮೇಲೆ ಕುಳಿತುಬಿಟ್ಟರು. "ಅಷ್ಟ್ ದಿನದಿಂದ ಇಟ್ಕಂಡಿದ್ದೀಯಾ," ಎಂದರು, "ಕುಣ್ಕಂಡು, ನಕ್ಕಂಡು. ಬಡವಾ ರಾಸ್ಕಲ್."

ಅವರು ಎದ್ದು ನೇರವಾಗಿ ಅಡಿಗೆಮನೆಗೆ ಹೋದರು. ಸಮಾಧಾನ ಹೇಳುತ್ತಾರೆ, ಇಲ್ಲವೆ ಸ್ವಲ್ಪ ಕಾಫಿ ಕೊಡುತ್ತಾರೆ ಎಂದುಕೊಂಡು ನಾನು ಹಿಂದೆ ಹೋದೆ. ಒಲೆಯ ಮೇಲೆ ಬಾಣಲೆ, ಅದರಲ್ಲಿ ಎಣ್ಣೆ. ಸೊಸೆ ಮೊದಲ ಕಜ್ಜಾಯವನ್ನು ಬಾಳೆಲೆಯ ಮೇಲೆ ತಟ್ಟುತ್ತಿದ್ದರು. ಮಗ ಪಕ್ಕದಲ್ಲಿ ಮಣೆ ಹಾಕಿಕೊಂಡು, ಮೊದಲನೆಯದಕ್ಕೆ ಕಾಯುತ್ತ ಕೂತಿದ್ದರು.

"ಬಾಣ್ಲೆ ಇಳ್ಸು" ಎಂದರು ಓನರಮ್ಮ.

"ಎಣ್ಣೆ ಕಾದೈತಲ್ಲ ಅತ್ತೆ?"

"ಕಾದಿದ್ರೆ ಆರ್ತದೆ. ಇಳ್ಸು. ನಮ್ಮನೇಲಿ ಸಾವಾಗೈತೆ. ಈ ವರ್ಷ ಬಾಣ್ಲೆ ಇಡಂಗಿಲ್ಲ."

ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬಕ್ಕೆ ಎಣ್ಣೆಯ ಬಾಣಲೆ ಇಡುವುದಿಲ್ಲ. ಅದು ಅವರ ಕಡೆಯ ಪದ್ಧತಿ. ಆದರೆ ಸತ್ತದ್ದು ಬಿಜಾಪುರದಲ್ಲಿ, ನಮ್ಮವ್ವ. ಬಾಣಲೆ ಇದ್ದದ್ದು ಪೀಣ್ಯದಲ್ಲಿ, ಇವರದು. ವಿಷಯ ಗೊತ್ತಾದ ಮೇಲೆ ಮಗ ನನ್ನನ್ನೊಮ್ಮೆ ನೋಡಿ, "ಪಾಪ ಕಣೋ, ಹೇಳೋದಲ್ವಾ" ಎಂದರು. ಆಮೇಲೆ ತಾಯಿಯ ಕಡೆ ತಿರುಗಿದರು.

"ಸರಿ ಕಣಮ್ಮ, ಪಾಪ ಅನ್ಸತ್ತೆ. ಆದ್ರೆ ಬಾಡಿಗೆಯೋರ ಸಾವಿಗೆಲ್ಲ ನಾವು ಹಬ್ಬ ಬಿಟ್ರೆ ಹೆಂಗೆ? ಇಷ್ಟು ರೂಮಿದಾವೆ, ಒಬ್ಬೊಬ್ಬನಿಗೂ ಊರ್ ತುಂಬ ನೆಂಟ್ರು. ನಮಗೆ ಜನ್ಮದಲ್ಲಿ ಕಜ್ಜಾಯ ಸಿಗಲ್ಲ."

"ಅಮ್ಮಾರ, ಅಣ್ಣಾರು ಹೇಳೂದು ಖರೇ ಐತ್ರಿ" ಎಂದೆ ನಾನು. "ನನ್ ಸಲುವಾಗಿ ಬ್ಯಾಡ್ರಿ. ನಮ್ಮವ್ವಗ ಗೊತ್ತಾದ್ರ ಮತ್ತ ಎದ್ದು ಬಂದು ನನ್ನ ಹೊಡೀತಾಳ."

"ನೀನ್ ಬಾಯ್ ಮುಚ್ಚು." ಅವರು ಮಗನಿಗೆ ಹೇಳಿದರು: "ಇವ್ನು ಇಲ್ಲೇ ನೀರ್ ಕುಡೀತಾವ್ನೆ, ಇಲ್ಲೇ ಮಲಗ್ತಾವ್ನೆ. ಇವತ್ತು ಓಗಕ್ಕೆ ಇವ್ನಿಗೆ ಬೇರೆ ಬಾಗ್ಲಿಲ್ಲ. ಇವ್ನು ಆ ರೂಮ್ನಾಗೆ ಒಬ್ನೇ ಕೂತಿರ್ಬೇಕು, ನಾನು ಇಲ್ಲಿ ಕಜ್ಜಾಯ ಬೇಯಿಸ್ಬೇಕು. ಆ ವಾಸ್ನೆ ಅವ್ನ ಮೂಗಿಗೆ ಓಗಲ್ವೇನೋ? ಬಾಗ್ಲಾಕಂಡ್ ತಿಂದ್ರೆ ಗಂಟ್ಲಾಗಿಳೀತದಾ ನಿಂಗೆ?"

ಮಗ ತಾವೇ ಎದ್ದು, ಹೆಂಡತಿಗೆ ಕೈ ಸುಟ್ಟೀತೆಂದು, ಬಟ್ಟೆ ಹಿಡಿದು ಬಾಣಲೆಯನ್ನು ಒಲೆಯಿಂದ ಕೆಳಗಿಳಿಸಿದರು.

ಓನರಮ್ಮ ಕಜ್ಜಾಯದ ಹಿಟ್ಟಿನ ಪಾತ್ರೆ ಎತ್ತಿಕೊಂಡು ಎದುರುಮನೆಗೆ ಹೋದರು. ನಾನು ಗೇಟಿನ ಬಳಿ ನಿಂತಿದ್ದೆ, ಎಲ್ಲ ಕೇಳಿಸುತ್ತಿತ್ತು.

"ತಗಳಮ್ಮಾ, ನಿಮ್ಮೊಲೆ ಮೇಲೆ ಬೇಯ್ಸ್ಕೋ. ನಮ್ಮನೇಲಿ ಈ ಸಲ ಇಲ್ಲ. ಸಾವಾಗೈತೆ."

"ಅಯ್ಯೋ ದೇವ್ರೇ, ಯಾರಕ್ಕಾ?"

"ನಮ್ಮುಡ್ಗನ ತಾಯಿ."

ನಮ್ಮುಡ್ಗ. ಬಿಜಾಪುರ ಅಲ್ಲ, ಬಾಡಿಗೆಯವನು ಅಲ್ಲ. ಆ ಬೀದಿಯಲ್ಲಿ ಟ್ಯಾಂಕು ಖಾಲಿ ಮಾಡಿದವನು ಎಂದಷ್ಟೇ ನನಗೆ ಖ್ಯಾತಿಯಿತ್ತು. ಒಂದೇ ಮಾತಿಗೆ ನಾನು ಒಂದು ಮನೆಯ ಹುಡುಗನಾಗಿಬಿಟ್ಟೆ, ಅದೂ ಸಾವಾದ ಮನೆಯ ಹುಡುಗ.

ಸುದ್ದಿ ಬೀದಿಯಲ್ಲಿ ನಡೆದು ಹೋಯಿತು. ಸಾಯಂಕಾಲ ದೀಪ ಹಚ್ಚುವ ಮೊದಲು ಹೆಂಗಸರು ಒಬ್ಬೊಬ್ಬರಾಗಿ ಓನರಮ್ಮನ ಜಗುಲಿಗೆ ಬಂದರು. ಎದುರುಮನೆಯವರು, ಅಂಗಡಿಯವರು, ಸೊಪ್ಪು ಮಾರುವ ಒಬ್ಬ ಹಲ್ಲಿಲ್ಲದ ಅಜ್ಜಿ. ಸಾವಾದ ಮನೆಗೆ ಹೋಗಿ ಮಾತಾಡಿಸಿಕೊಂಡು ಬರುವುದು ಎಲ್ಲ ಕಡೆಯೂ ಉಂಟು. ಊರಿನಲ್ಲಿ ಆ ಮಾತಾಡಿಸುವುದನ್ನೆಲ್ಲ ಅಣ್ಣ ಕೇಳಿಸಿಕೊಂಡಿದ್ದ, ನಾನು ಹಿತ್ತಲಲ್ಲಿ ಅವಿತಿದ್ದೆ. ಇಲ್ಲಿ ಓನರಮ್ಮ ನನ್ನನ್ನು ತೋಳು ಹಿಡಿದು ಕೂರಿಸಿದರು. ತಪ್ಪಿಸಿಕೊಳ್ಳದ ಹಾಗೆ ತಾವು ಪಕ್ಕದಲ್ಲಿ ಕೂತರು.

"ಏನಾಗಿತ್ತಪ್ಪಾ ನಿಮ್ಮಮ್ಮಂಗೆ?" ಎಂದು ಸೊಪ್ಪಿನಜ್ಜಿ ಕೇಳಿತು.

"ಏನೂ ಆಗಿರ್ಲಿಲ್ರಿ. ನನ್ನಂಥಾ ಮಗನ್ನ ಹಡೆದ ಸುಸ್ತು ಈಗ ಬಂತು" ಎಂದೆ.

ಯಾರೂ ನಗಲಿಲ್ಲ. ಅವರಿಗೆ ಕೋಪವೂ ಬರಲಿಲ್ಲ. ಸುಮ್ಮನೆ ಕಾಯುತ್ತ ಕೂತರು. ನನ್ನ ಜೋಕು ಅಷ್ಟು ಅನಾಥವಾಗಿ ಬಿದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು. ಕಾಯುವವರ ಮುಂದೆ ಎಷ್ಟು ಹೊತ್ತು ಸುಮ್ಮನಿರಲಾದೀತು? ಹೇಳಿದೆ. ಅವ್ವ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳಂತೆ, ಎದೆ ನೋವು ಎಂದಳಂತೆ. ಎಲ್ಲವೂ ಅಂತೆಯೇ. ನಾನು ನೋಡಿದ್ದಲ್ಲ. "ನಾ ಹೋಗೂದ್ರಾಗ ಎಲ್ಲಾ ಮುಗದಿತ್ರಿ. ಮಾರಿ ಸುದ್ದಾ ನೋಡ್ಲಿಲ್ಲ" ಎಂದೆ. ಎದುರುಮನೆಯವರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗಿನ್ನೂ ನೀರು ಬಂದಿರಲಿಲ್ಲ.

"ಅವ್ಳು ಮಾಡಿದ್ದು ಏನಾನಾ ಐತಾ ನಿನ್ತಾವ?" ಎಂದು ಓನರಮ್ಮ ಕೇಳಿದರು.

"ರೊಟ್ಟಿ ಐತ್ರಿ. ಟ್ರಂಕಿನ್ಯಾಗ."

"ತಿಂದಿಲ್ವಾ?"

"ತಿಂದ್ರ ಮುಗದು ಹೋಕ್ಕಾವಲ್ರಿ."

ಅವರು ನನ್ನ ಮುಖ ನೋಡಿದರು. "ತತ್ತಾ" ಎಂದರು.

ಗಂಟು ತಂದು ಬಿಚ್ಚಿದೆ. ರೊಟ್ಟಿಗಳು ಹಾಗೇ ಇದ್ದವು, ತೆಳ್ಳಗೆ, ದುಂಡಗೆ, ಮೇಲೆ ಎಳ್ಳು. ಓನರಮ್ಮ ಒಂದನ್ನು ಎತ್ತಿ ಕಟಕಟನೆ ಮುರಿದು ಒಬ್ಬೊಬ್ಬರ ಕೈಗೂ ಒಂದೊಂದು ಚೂರು ಕೊಟ್ಟರು. "ತಿನ್ನಕ್ಕೆ ಮಾಡಿದ್ದು ಕಣ್ಲಾ. ಮಗ ತಿನ್ಲಿ, ನಾಕ್ ಜನಕ್ಕೆ ಕೊಡ್ಲಿ ಅಂತ ಕೈ ನೋಯ್ಸ್ಕಂಡು ಮಾಡವ್ಳೆ" ಎಂದರು. ಹಬ್ಬದ ಸಾಯಂಕಾಲ, ಎಲ್ಲರ ಮನೆಯಲ್ಲೂ ಸಿಹಿ ಕಾಯುತ್ತಿರುವಾಗ, ಪೀಣ್ಯದ ಆ ಹೆಂಗಸರು ನಮ್ಮವ್ವನ ಒಣ ರೊಟ್ಟಿಯನ್ನು ಬಾಯಿಗಿಟ್ಟುಕೊಂಡರು. ಬೀದಿಯ ಆ ತುದಿಯಲ್ಲಿ ಪಟಾಕಿ, ಈ ತುದಿಯಲ್ಲಿ ರೊಟ್ಟಿ ಕಡಿಯುವ ಸದ್ದು. ಸೊಪ್ಪಿನಜ್ಜಿ ಆ ಕಡೆ ಈ ಕಡೆ ಹೊರಳಿಸಿ, "ನನ್ ದವ್ಡೆಗೆ ಬಗ್ತಾ ಇಲ್ವಲ್ಲೋ ನಿಮ್ಮಮ್ಮ" ಎಂದಿತು. ಓನರಮ್ಮನ ಸೊಸೆ ಲೋಟದಲ್ಲಿ ಟೀ ತಂದುಕೊಟ್ಟರು. ಅಜ್ಜಿ ಚೂರನ್ನು ಅದರಲ್ಲಿ ನೆನೆಸಿ, ಚಪ್ಪರಿಸಿ, ಕಣ್ಣು ಮುಚ್ಚಿಕೊಂಡು ಹೇಳಿತು:

"ಉಪ್ಪು ಅದ್ವಾಗೈತೆ. ಕೈ ಚೆನ್ನಾಗಿತ್ತು ಕಣಪ್ಪ ಆಯಮ್ಮಂದು."

ಆಗ ಅತ್ತೆ. ಹೇಗೆ ಅತ್ತೆ ಎಂದು ಬರೆಯಲು ನನಗೆ ಬರುವುದಿಲ್ಲ. ಚೆನ್ನಾಗಿ ಅಂತೂ ಅಳಲಿಲ್ಲ. ಮೂಗಿನಿಂದ, ಬಾಯಿಂದ, ಎಲ್ಲ ಕಡೆಯಿಂದ ಸೋರಿತು. ಓನರಮ್ಮ ನನ್ನ ತಲೆಯನ್ನು ತಮ್ಮ ಮಡಿಲಿಗೆ ಒತ್ತಿಕೊಂಡು, ನೆರೆದವರ ಜೊತೆ ನನ್ನ ಮೇಲಿನಿಂದಲೇ ಮಾತಾಡುತ್ತ ಕೂತರು. ಸೊಪ್ಪಿನ ರೇಟು, ಬೋರಿನ ನೀರು, ಯಾರದೋ ಬಾಣಂತನ. ಒಬ್ಬನು ಪಕ್ಕದಲ್ಲಿ ಅಳುತ್ತಿರುವಾಗ ಮನೆಯವರು ಹೇಗೆ ಮಾತಾಡುತ್ತಾರೋ ಹಾಗೆ.

ಮರುದಿನ ಬೆಳಿಗ್ಗೆ ಹಂಡೆಗೆ ಪಟ್ಟೆಯಿರಲಿಲ್ಲ, ಬಳ್ಳಿಯಿರಲಿಲ್ಲ. ಎಣ್ಣೆಯಿಲ್ಲದೆ ಬರೀ ಬಿಸಿನೀರನ್ನು ಓನರಮ್ಮ ನನಗೂ ಅವರ ಮಗನಿಗೂ ಒಬ್ಬರಾದ ಮೇಲೆ ಒಬ್ಬರಿಗೆ ಹೊಯ್ದರು. ಎದುರುಮನೆಯಿಂದ ಕಜ್ಜಾಯ ಬಂತು. ಸಾವಾದ ಮನೆಗೆ ಬೇರೆಯವರು ತಂದುಕೊಡುವ ಸಿಹಿ. ಮಗ ಒಂದನ್ನು ಕಚ್ಚಿ, "ಹಿಟ್ಟು ನಮ್ದು, ಹದ ಮಾತ್ರ ಅವರ್ದು. ಕಲ್ಲು ಕಲ್ಲಾಗಿದೆ ಗುರು" ಎಂದು ನನ್ನ ಕಿವಿಯಲ್ಲಿ ಹೇಳಿದರು. ನಾವಿಬ್ಬರೂ ನಕ್ಕೆವು. ಆ ವರ್ಷವೆಲ್ಲ ಆ ಮನೆಯಲ್ಲಿ ಬಾಣಲೆ ಇಡಲಿಲ್ಲ. ಸಂಕ್ರಾಂತಿ, ಶಿವರಾತ್ರಿ, ಯುಗಾದಿ ಎಲ್ಲವೂ ಹಾಗೇ ಹೋದವು. ಪ್ರತಿ ಹಬ್ಬಕ್ಕೂ ಸೊಸೆ ನನ್ನ ಕಡೆ ನೋಡಿ ಒಂದು ನಿಟ್ಟುಸಿರು ಬಿಡುತ್ತಿದ್ದರು, ಅಷ್ಟೆ. ಬೈಗುಳ ಮಾತ್ರ ಮೊದಲಿನಂತೆ ಶುರುವಾಯಿತು.

ಕೆಲವು ವರ್ಷಗಳ ಮೇಲೆ ನನಗೆ ಎಲೆಕ್ಟ್ರಾನಿಕ್ ಸಿಟಿಯ ಕಡೆ ಕೆಲಸ ಸಿಕ್ಕಿತು. ಬೆಂಗಳೂರಿನ ಆ ತುದಿಯಿಂದ ಈ ತುದಿ. ರಜೆ ಸಿಕ್ಕಾಗ ಬಸ್ಸು ಬದಲಿಸಿ ಬದಲಿಸಿ ಪೀಣ್ಯಕ್ಕೆ ಹೋಗುತ್ತಿದ್ದೆ. ಕೊನೆಯ ಸಲ ಹೋದಾಗ ಅವರು ಜಗುಲಿಯಲ್ಲಿ ಚಾಪೆಯ ಮೇಲೆ ಮಲಗಿದ್ದರು. ಉಸಿರು ಸಾಲುತ್ತಿರಲಿಲ್ಲ. ಮಾತಿನ ನಡುವೆ ನಿಂತು ನಿಂತು ಹೋಗುತ್ತಿತ್ತು.

"ಏನಾನಾ ತಮಾಸೆ ಯೋಳ್ಲಾ" ಎಂದರು.

ಆ ವಾರ ನಾನು ಹೊಸ ಮೆಷಿನ್ನಿನ ತಪ್ಪು ಬಟನ್ ಒತ್ತಿ, ಸೂಪರ್‌ವೈಸರನ ಬಿಳಿ ಶರ್ಟಿಗೆ ಮೆಷಿನ್ನನ್ನು ತಣ್ಣಗಿಡುವ ಕೂಲಂಟ್ ಎಣ್ಣೆಯ ಅಭಿಷೇಕ ಮಾಡಿಸಿದ್ದೆ. ಅದನ್ನು ಹೇಳಿದೆ. ಸ್ವಲ್ಪ ಸೇರಿಸಿಯೇ ಹೇಳಿದೆ. ಅವರು ನಗಲು ಹೋಗಿ ಕೆಮ್ಮಿದರು. ಕೆಮ್ಮು ನಿಂತ ಮೇಲೆ ನನ್ನ ಕೈ ಹಿಡಿದುಕೊಂಡರು.

"ನಾನೋದಾಗ ತಿಂಗಳಾನುಗಟ್ಲೆ ಮುಚ್ಚಿಡ್ಬೇಡ. ಅವತ್ತೇ ಯಾರ್ಗಾನಾ ಯೋಳ್ಬುಡು. ಅವತ್ತೇ ಅತ್ಬುಡು. ತಿಳೀತಾ?"

"ನೀವ್ ಎಲ್ಲಿ ಹೋಗ್ತೀರಿ ಅಮ್ಮಾರ? ನಿಮ್ಮನ್ನ ಕರ್ಕೊಂಡ್ ಹೋಗಾಕ ಬಂದಾವ್ರಿಗೆ ನೀವ ಬೈದು ಕಳಸ್ತೀರಿ."

"ತಿಳೀತಾ ಅಂದೆ."

"ತಿಳೀತ್ರಿ."

ಸುದ್ದಿ ಬಂದದ್ದು ಕೆಲಸದ ನಡುವೆ. ಆಫೀಸಿನಿಂದ ಕರೆದರು, ಫೋನಿನಲ್ಲಿ ಅವರ ಮಗ. "ಅಮ್ಮ ಹೋಗ್ಬಿಟ್ರು ಕಣೋ. ನೀನು ಬರೋವರ್ಗೂ ಎತ್ತಲ್ಲ. ನಿಧಾನಕ್ಕೆ ಬಾ" ಎಂದರು. ನಾನು ಮೆಷಿನ್ ಶಾಪಿಗೆ ಮರಳಿ ಬಂದೆ. ಪಕ್ಕದ ಮೆಷಿನ್ನಿನಲ್ಲಿ ಆನೇಕಲ್ಲಿನವನೊಬ್ಬನಿದ್ದ, ಹೊಸಬ. ನನ್ನನ್ನು ಕಂಡರೆ ಸಾಕು, ಏನೋ ತಮಾಷೆ ಬಂತು ಎಂದು ಮೊದಲೇ ಹಲ್ಲು ಬಿಡುತ್ತಿದ್ದ. ನನ್ನ ಬಾಯಿಗೆ ಎರಡು ಮೂರು ಜೋಕುಗಳು ಬಂದೇ ಬಂದವು. ಅವನ್ನೆಲ್ಲ ನುಂಗಿಕೊಂಡೆ.

"ನಮ್ಮ ಓನರಮ್ಮ ತೀರಿಕೊಂಡ್ರು" ಎಂದೆ.

ಅವನು ನಕ್ಕ. "ಬಾಡಿಗೆ ಉಳೀತಲ್ಲ ಮಗಾ!" ಎಂದ. ಮುಂದಿನ ಮಾತಿಗೆ ಕಾಯುತ್ತ ನನ್ನ ಮುಖ ನೋಡಿದ. ನಾನು ಅಳುತ್ತಿದ್ದೆ. ಅವನ ಹಲ್ಲು ಮೆಲ್ಲಗೆ ಮುಚ್ಚಿಕೊಂಡಿತು. ಓಡುತ್ತಿದ್ದ ಮೆಷಿನ್ನನ್ನು ಆಫ್ ಮಾಡಿ, ವೇಸ್ಟ್ ಬಟ್ಟೆಯಲ್ಲಿ ಕೈ ಒರೆಸಿಕೊಂಡು ಬಂದು, ನನ್ನ ಪಕ್ಕದಲ್ಲಿ ನಿಂತ.

"ಏನಾಗಿತ್ತು ಅವರಿಗೆ?" ಎಂದು ಕೇಳಿದ.

ನಾನು ಹೇಳತೊಡಗಿದೆ.